ನಿಧಾನವಾಗಿ ಏರಿದ ಬಲೂನು

ಗಾಡಿ ನಿಂತ ಮೇಲೂ ಮೌಝಾಳ ಕೈಗಳು ಸ್ಟೇರಿಂಗ್ ಬಿಡಲಿಲ್ಲ. ಹಿಂದಿನ ಬಾಗಿಲು ತೆರೆದು ಮೂವರು ಗಂಡಸರು ಅವಳ ಗಂಡ ಖಲ್ಫಾನನ ದೇಹವನ್ನು ಕಂಬಳಿಯ ಸಮೇತ ಇಳಿಸಿಕೊಳ್ಳುತ್ತಿದ್ದರು. ಯಾರದೋ ಮೊಣಕೈ ತಗುಲಿ ಖಾಲಿ ಗ್ಯಾಸ್ ಸಿಲಿಂಡರ್ ಉರುಳಿತು. ಅದು ಗಾಡಿಯ ತಳಕ್ಕೆ ಬಡಿದ ಸದ್ದಿಗೆ ಬೀದಿಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು.

ಖಲ್ಫಾನನ ಅಣ್ಣ ಸುಲೈಯಿಮ್ ಅವಳ ಕಿಟಕಿಯ ಹತ್ತಿರ ಬಂದು, ಮುಖ ನೋಡದೆ, ನೆಲ ನೋಡುತ್ತ ಕೇಳಿದ.

"ಬಿದ್ದು ಎಷ್ಟು ಹೊತ್ತಾಗಿತ್ತು?"

ಆಸ್ಪತ್ರೆಯ ಡಾಕ್ಟರೂ ಇದನ್ನೇ ಕೇಳಿದ್ದ. ಅವನಿಗೆ ಕೊಟ್ಟ ಉತ್ತರವನ್ನೇ ಇವನಿಗೂ ಕೊಟ್ಟಳು. "ಆಗಷ್ಟೇ ಭಾವ. ಬಿದ್ದ ಕೂಡಲೇ ದಾರೀಲಿ ಹೋಗ್ತಿದ್ದ ಪಿಕಪ್‌ನವನನ್ನ ಕೂಗಿ, ಎತ್ತಿ ಹಾಕ್ಕೊಂಡು ಬಂದೆ."

ಸುಳ್ಳು ಮೊದಲ ಸಲ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಎರಡನೆಯ ಸಲ ತಾನೇ ನಾಲಗೆಯ ಮೇಲೆ ಬಂದು ಕೂರುತ್ತದೆ. ಸುಲೈಯಿಮ್ ತಲೆಯಾಡಿಸಿ ಹೊರಟುಹೋದ. ಮಸೀದಿಯ ಉಸ್ತುವಾರಿ ನೋಡುವವನು ಅವನು. ಹೆಣಕ್ಕೆ ಮೈ ತೊಳೆಸಬೇಕು, ಬಿಳಿ ಬಟ್ಟೆ ತರಿಸಬೇಕು, ಗುಂಡಿ ತೋಡುವವರನ್ನು ಕರೆಸಬೇಕು. ಅಳುವುದಕ್ಕೆ ಅವನಿಗಿನ್ನೂ ಪುರುಸೊತ್ತು ಸಿಕ್ಕಿರಲಿಲ್ಲ.

ಮೌಝಾ ಇಳಿದಳು, ಕೀಲಿಯನ್ನು ಗಾಡಿಯಲ್ಲೇ ಬಿಟ್ಟಳು. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟುವಂತಿಲ್ಲ, ಹತ್ತಿರದ ರಕ್ತಸಂಬಂಧವಲ್ಲದ ಗಂಡಸಿನ ಎದುರು ಕೂರುವಂತಿಲ್ಲ. ಆ ಇದ್ದತ್ ಅವಳಿಗೆ ಅವನು ಸತ್ತ ಬಯಲಿನಲ್ಲೇ ಶುರುವಾಗಿಹೋಗಿತ್ತು. ಅದು ಗೊತ್ತಿದ್ದ ಊರವರು ದಾರಿ ಬಿಟ್ಟು ನಿಂತರು. ಅಂಗೈಯಲ್ಲಿ ಫೋನನ್ನು ಬಿಗಿಯಾಗಿ ಹಿಡಿದುಕೊಂಡು, ಯಾರ ಕಡೆಗೂ ನೋಡದೆ, ಅವಳು ಒಳಗೆ ಹೋದಳು.

ಫೋನಿನಲ್ಲಿ ಇನ್ನೂ ಏನೂ ಬಂದಿರಲಿಲ್ಲ. ಖಲ್ಫಾನ್ ಮಣ್ಣಿಗೆ ಸಿದ್ಧನಾಗುತ್ತಿದ್ದ, ಅವನು ಬೆಳಗ್ಗೆ ಬಿಟ್ಟ ಬಲೂನು ಮಾತ್ರ ಇನ್ನೂ ಮೇಲೇರುತ್ತಲೇ ಇತ್ತು. ಅದರ ಕೆಳಗೆ ಒಂದು ಪೆಟ್ಟಿಗೆ. ಪೆಟ್ಟಿಗೆಯೊಳಗೆ ಚಳಿ ಅಳೆಯುವ ಒಂದು ಯಂತ್ರ, ತಾನು ಎಲ್ಲಿ ಬಿದ್ದೆನೆಂದು ಸಂದೇಶ ಕಳಿಸುವ ಒಂದು ಸಿಮ್ಮು, ನೆಲವನ್ನೇ ನೋಡುತ್ತಿರುವ ಒಂದು ಕ್ಯಾಮೆರಾ. ಖಲ್ಫಾನ್ ಬಿದ್ದನೋ, ತಾನೇ ಮಲಗಿದನೋ, ಜೀವ ಯಾವಾಗ ಹೋಯಿತು, ಹೆಂಡತಿ ಆಗ ಏನು ಮಾಡುತ್ತಿದ್ದಳು, ಎಲ್ಲವನ್ನೂ ಆ ಕ್ಯಾಮೆರಾ ನೋಡಿತ್ತು. ಮೌಝಾ ನೋಡಿರಲಿಲ್ಲ. ಪೆಟ್ಟಿಗೆ ಸಿಗಲಪ್ಪಾ ಎಂದು ಒಂದು ಉಸಿರಿಗೆ ಬೇಡಿಕೊಂಡರೆ, ಸಮುದ್ರಕ್ಕೆ ಬಿದ್ದು ಹಾಳಾಗಿ ಹೋಗಲಿ ಎಂದು ಮುಂದಿನ ಉಸಿರಿಗೇ ಬೇಡಿಕೊಳ್ಳುತ್ತಿದ್ದಳು.

*

ಆ ಒಂಟೆ ಸಾಯದೆ ಇದ್ದಿದ್ದರೆ ಈ ಬಲೂನಿನ ಹುಚ್ಚೂ ಹತ್ತುತ್ತಿರಲಿಲ್ಲ ಎಂದು ಸುಲೈಯಿಮನ ಹೆಂಡತಿ ನಸ್ರಾ ಹೇಳುವುದುಂಟು. ಅವಳ ಮಾತಿನಲ್ಲಿ ಹುಳಿ ಜಾಸ್ತಿ. ಆದರೆ ಇದರಲ್ಲಿ ಸ್ವಲ್ಪ ನಿಜವೂ ಇತ್ತು.

ಖಲ್ಫಾನ್ ಭೂಗೋಳದ ಉಸ್ತಾದ್. ಮೂವತ್ತು ವರ್ಷ ಹುಡುಗರಿಗೆ ನಕಾಶೆ ಬಿಡಿಸುವುದನ್ನು ಕಲಿಸಿದ. ಒಂದು ಸಂಜೆ ಪಕ್ಕದೂರಿನ ಶಾಲೆಯಿಂದ ಬರುವಾಗ ಹೆದ್ದಾರಿಗೆ ಒಂಟೆಯೊಂದು ಅಡ್ಡ ಬಂತು. ಅವನಿಗೆ ಗೀರು ಗಾಯವೂ ಆಗಲಿಲ್ಲ. ಒಂಟೆಗೆ ಮಾತ್ರ ಬೇಗ ಸಾವು ಬರಲಿಲ್ಲ. ಅದರ ಕತ್ತು ನೆಲಕ್ಕೆ ಬೀಳುವವರೆಗೆ ಅವನು ಪಕ್ಕದಲ್ಲೇ ಕೂತಿದ್ದು, ಮನೆಗೆ ಬಂದು ಕೀಲಿಯನ್ನು ಹೆಂಡತಿಯ ಕೈಗೆ ಕೊಟ್ಟ. ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ತಲೆಗೂದಲು ಅರ್ಧ ಬೆಳ್ಳಗಾಗಿದ್ದ ಮೌಝಾ ಗಾಡಿ ಕಲಿಯಲು ಹೋದಾಗ ಊರೆಲ್ಲ ನಕ್ಕಿತು. ಊರ ಬಾಯಿಗೆ ಬೀಗ ಹಾಕಲಾಗುವುದಿಲ್ಲ, ಗಾಡಿಗೆ ಪೆಟ್ರೋಲು ಹಾಕಬಹುದು ಎಂದುಕೊಂಡು ಅವಳು ಕಲಿತೇ ಬಿಟ್ಟಳು.

ಕೆಲಸದಿಂದ ನಿವೃತ್ತನಾದ ವರ್ಷದ ಜೂನಿನಲ್ಲಿ, ನೆರಳಲ್ಲಿ ಇಟ್ಟ ನೀರೂ ಕುದಿಯುವಂತಿದ್ದ ಒಂದು ಮಧ್ಯಾಹ್ನ, ಖಲ್ಫಾನ್ ಗಂಡಸರ ಹರಟೆಯಲ್ಲಿ ಒಂದು ಮಾತು ಆಡಿದ. ನಮ್ಮ ತಲೆಯ ನೇರ ಮೇಲೆ, ಇಲ್ಲಿಂದ ರಾಜಧಾನಿಗಿರುವಷ್ಟೂ ದೂರವಿಲ್ಲ, ಅಲ್ಲಿ ಮಂಜುಗಡ್ಡೆಗಿಂತ ಕೊರೆಯುವ ಚಳಿ ಇದೆ ಎಂದ.

"ಹೋಗಿ ನೋಡ್ಕೊಂಡು ಬಂದ್ಯಾ?" ಎಂದು ಸುಲೈಯಿಮ್ ಕೇಳಿದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

ಖಲ್ಫಾನ್ ಉತ್ತರ ಕೊಡಲಿಲ್ಲ. ಅಣ್ಣನಿಗೆ ಎದುರು ಮಾತಾಡಿದವನಲ್ಲ, ಅಣ್ಣನ ವಿರುದ್ಧ ಯಾರಾದರೂ ಮಾತಾಡಿದರೂ ಬಾಯಿ ಬಿಟ್ಟವನಲ್ಲ. ಆದರೆ ಚಳಿಗಾಲ ಬರುವಷ್ಟರಲ್ಲಿ ಅಂಚೆಯಲ್ಲಿ ಒಂದು ದೊಡ್ಡ ಬಿಳಿ ಬಲೂನು ಬಂತು. ಮದುವೆ ಮನೆಗಳಿಗೆ ಬಲೂನು ತುಂಬಿಸುವ ಅಂಗಡಿಯಿಂದ ಗ್ಯಾಸ್ ಬಂತು. ಹಳೆಯ ಕೊಡೆಯ ಬಟ್ಟೆ ಪ್ಯಾರಾಚೂಟ್ ಆಯಿತು. ಕರಾವಳಿಯಿಂದ ಮೀನು ಬರುವ ಥರ್ಮಾಕೋಲ್ ಡಬ್ಬಿ ಪೆಟ್ಟಿಗೆಯಾಯಿತು. ಎಷ್ಟು ತೊಳೆದರೂ ಅದರ ವಾಸನೆ ಹೋಗಲಿಲ್ಲ. ಬೀದಿಯ ಬೆಕ್ಕುಗಳೆಲ್ಲ ಗಾಡಿಯ ಹಿಂದೆ ಮೆರವಣಿಗೆ ಹೊರಟವು.

ಅಂದಿನಿಂದ ಪ್ರತಿ ಚಳಿಗಾಲಕ್ಕೆ ಒಂದೆರಡು ಬಲೂನು. ಅವನು ಬಿಡುವವನು, ಅವಳು ಹುಡುಕಿ ತರುವವಳು. ಗಾಳಿ ಯಾವಾಗಲೂ ಪೂರ್ವಕ್ಕೆ, ಮರಳುಗಾಡಿನ ಮೇಲೆ ಹೊತ್ತೊಯ್ಯುತ್ತಿತ್ತು. ಒಮ್ಮೆ ಮರಳಲ್ಲಿ ಡೇರೆ ಹಾಕಿಕೊಂಡು ಅಲೆಯುವ ಬದೂ ಜನರ ಹೆಂಗಸೊಬ್ಬಳು ಪ್ಯಾರಾಚೂಟನ್ನು ಆಡಿನ ಮರಿಗಳಿಗೆ ನೆರಳಾಗಿ ಕಟ್ಟಿ ಕೂತಿದ್ದಳು. ಮೇಲಿಂದ ಬಿದ್ದದ್ದು ಸಿಕ್ಕವರ ಪಾಲು ಎಂದು ವಾದ ಹೂಡಿದಳು. ಕೊನೆಗೆ ಅವಳೇ ಕಾಫಿ ಕುಡಿಸಿ, ಮಧ್ಯಾಹ್ನದ ಊಟ ಹಾಕಿ, ಪೆಟ್ಟಿಗೆ ಮಾತ್ರ ಕೊಟ್ಟು ಕಳಿಸಿದಳು. ಎರಡು ಸಲ ಕತ್ತಲಾಯಿತೆಂದು ಹುಡುಕುವುದನ್ನು ಬೆಳಗಿಗೆ ಬಿಟ್ಟರು. ಎರಡು ಸಲವೂ ರಾತ್ರಿಯ ಗಾಳಿ ಮರಳು ಮುಚ್ಚಿ, ಪೆಟ್ಟಿಗೆ ಎಂದೆಂದಿಗೂ ಸಿಗಲಿಲ್ಲ. ಬಿದ್ದ ದಿನವೇ ತರಬೇಕು ಎಂಬುದು ಮೌಝಾ ಕಲಿತ ಪಾಠ.

ಬಲೂನು ಬಿಟ್ಟ ಕೂಡಲೇ ಖಲ್ಫಾನ್ ಬರಿ ನೆಲದ ಮೇಲೆ ಅಂಗಾತ ಮಲಗಿಬಿಡುತ್ತಿದ್ದ. ನಿಂತು ನೋಡಿದರೆ ಕತ್ತು ನೋಯುತ್ತದಂತೆ. ಬಲೂನು ಸಾಸಿವೆ ಕಾಳಿನಷ್ಟಾಗಿ ಕಣ್ಣಿಗೆ ಕಾಣದೆ ಹೋಗುವವರೆಗೆ ಏಳುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಆ ಹೊತ್ತಿಗೆ ಮೌಝಾ ಗಾಡಿಯಿಂದ ಕಾಫಿಯ ಫ್ಲಾಸ್ಕ್ ತಂದು ಪಕ್ಕದಲ್ಲಿ ಕೂರುತ್ತಿದ್ದಳು. ಮನೆಯಲ್ಲಿ ಆಡಲಾಗದ ಮಾತುಗಳನ್ನೆಲ್ಲ ಆಡುತ್ತಿದ್ದಳು. ಅವನು ಹೂಂ ಎಂದೂ ಅನ್ನುತ್ತಿರಲಿಲ್ಲ, ಅವಳಿಗೂ ಅದು ಬೇಕಿರಲಿಲ್ಲ.

*

ಹೆಂಗಸರ ಕೋಣೆ ತುಂಬಿತು. ಒಲೆ ಹಚ್ಚದ ಮನೆಗೆ ನೆರೆಯವರು ಖರ್ಜೂರ, ಕಾಫಿ, ಅನ್ನದ ತಟ್ಟೆ ತಂದಿಟ್ಟರು. ಬಂದವರೆಲ್ಲ ಅವಳ ಕೈ ಹಿಡಿದು, ಅಲ್ಲಾಹ ನಿನಗೆ ತಾಳ್ಮೆ ಕೊಡಲಿ ಎಂದರು. ಎಂಥ ಸುಖದ ಸಾವು, ನರಳಲಿಲ್ಲ, ಯಾರಿಗೂ ಭಾರವಾಗಲಿಲ್ಲ, ಬಿದ್ದ, ಹೋದ ಎಂದರು. ಮೌಝಾ ಹೇಳಿದ 'ಆಗಷ್ಟೇ' ಎಂಬ ಮಾತು ಊರು ಸುತ್ತಿ, ಕೈಕಾಲು ಬೆಳೆಸಿಕೊಂಡು ಅವಳ ಹತ್ತಿರವೇ ವಾಪಸು ಬರುತ್ತಿತ್ತು. ಅವಳು ಬಿದ್ದವನನ್ನು ತೋಳಲ್ಲಿ ಹಿಡಿದಳಂತೆ. ಅವಳ ಮಡಿಲಲ್ಲೇ ಪ್ರಾಣ ಹೋಯಿತಂತೆ. ಒಬ್ಬೊಬ್ಬರು ಹೇಳುವಾಗಲೂ ಅವಳು ಫೋನಿನ ಪರದೆ ನೋಡಿಕೊಳ್ಳುತ್ತಿದ್ದಳು.

ನಸ್ರಾ ಪಕ್ಕದಲ್ಲೇ ಕೂತಿದ್ದಳು. ಅವಳೇ ಮೌಝಾಳ ಕಿವಿಯೋಲೆ ಬಿಚ್ಚಿದವಳು, ಸುಗಂಧದ ಬಟ್ಟೆ ಬದಲಿಸಿ ಸಾದಾ ಬಟ್ಟೆ ಉಡಿಸಿದವಳು, ಬೇಡವೆಂದರೂ ಕಾಫಿ ಕುಡಿಸಿದವಳು. ಬಾಯಿ ಹುಳಿಯಾದರೂ ಕೈ ಒಳ್ಳೆಯದು.

"ಆ ಫೋನು ಈಚೆ ಕೊಡು," ಎಂದಳು. "ಇವತ್ತು ಯಾರ ಫೋನು ಬರಬೇಕು ನಿಂಗೆ?"

"ಇರಲಿ ಅಕ್ಕ."



ರಾಜಧಾನಿಯಿಂದ ಮಗಳು ಶಮ್ಸಾ ಬಂದಳು. ಕಣ್ಣು ಕೆಂಪಾಗಿ ಊದಿಕೊಂಡಿತ್ತು. ದಾರಿಯುದ್ದಕ್ಕೂ ಅತ್ತು ಮುಗಿಸಿದವಳ ಹಾಗೆ, ಅಮ್ಮನನ್ನು ಅಪ್ಪಿಕೊಂಡು ಸದ್ದಿಲ್ಲದೆ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಕಿವಿಯಲ್ಲಿ ಕೇಳಿದಳು, "ಅಪ್ಪ ಏನಾದ್ರೂ ಅಂದ್ರಾ ಕೊನೇಗೆ?"

ಮೌಝಾ ಉತ್ತರ ಹುಡುಕುತ್ತಿದ್ದಾಗಲೇ ಫೋನು ಕಿಣಿಕಿಣಿಸಿತು. ಕುರಾನ್ ಓದುತ್ತಿದ್ದ ಹೆಂಗಸು ನಿಲ್ಲಿಸಿದಳು. ಎಲ್ಲರೂ ತಿರುಗಿ ನೋಡಿದರು. ಗಂಡನ ಹೆಣ ಇನ್ನೂ ಪಕ್ಕದ ಕೋಣೆಯಲ್ಲಿರುವಾಗ ವಿಧವೆ ಅವಸರವಸರವಾಗಿ ಫೋನು ತೆರೆಯುವುದನ್ನು ಆ ಊರು ಅದುವರೆಗೆ ಕಂಡಿರಲಿಲ್ಲ.

ಪೆಟ್ಟಿಗೆ ಬಿದ್ದಿತ್ತು. ಮರಳುಗಾಡನ್ನು ಪೂರಾ ದಾಟಿ, ಸಮುದ್ರಕ್ಕೆ ಇನ್ನೇನು ಸ್ವಲ್ಪ ಇರುವಾಗ, ಕೊನೆಯ ದಿಬ್ಬಗಳ ನಡುವೆ. ಅಷ್ಟು ದೂರಕ್ಕೆ ಯಾವ ಪೆಟ್ಟಿಗೆಯೂ ಹೋದದ್ದಿಲ್ಲ. ಮೌಝಾ ಸಂದೇಶವನ್ನು ಎರಡು ಸಲ ಓದಿದಳು. ಸಮುದ್ರಕ್ಕೆ ಬೀಳಲಿಲ್ಲವಲ್ಲ ಎಂಬ ಸಮಾಧಾನವೋ, ಬೀಳದೆ ಹೋಯಿತಲ್ಲ ಎಂಬ ಭಯವೋ, ಅವಳಿಗೇ ತಿಳಿಯಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ. ಯಾರಾದರೂ ಇವತ್ತೇ ಹೋಗಬೇಕು, ಕತ್ತಲಾಗುವ ಮೊದಲು. ಅಲ್ಲಿಗೆ ದಾರಿ ಬಲ್ಲವಳು ಈ ಕೋಣೆಯಿಂದ ಕಾಲು ಹೊರಗಿಡುವ ಹಾಗಿಲ್ಲ.

*

ಅಂದು ಬೆಳಗ್ಗೆ ಗ್ಯಾಸ್ ಸಾಲಿರಲಿಲ್ಲ. ಅಂಗಡಿಯವನು ಅರ್ಧ ಸಿಲಿಂಡರ್ ಕೊಟ್ಟು ಪೂರ್ತಿ ಎಂದು ನಂಬಿಸಿದ್ದ. ಬಲೂನು ಸೊರಗಿದ ಹಸುಳೆಯ ಹಾಗೆ ಜೋಲಾಡುತ್ತಿತ್ತು. ಇನ್ನೊಂದು ದಿನ ಬಿಟ್ಟರಾಯಿತು ಬಿಡಿ ಎಂದು ಮೌಝಾ ಹೇಳಿದಳು. ಖಲ್ಫಾನ್ ಕೇಳಲಿಲ್ಲ. ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ, ಎದೆ ಉರಿ ಎಂದಿದ್ದ. ಹುಣಸೆ ಹುಳಿ ತಿಂದದ್ದಕ್ಕೆ ಎಂದು ಇಬ್ಬರೂ ಅಂದುಕೊಂಡಿದ್ದರು.

ಅವನು ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ಕ್ಯಾಮೆರಾದ ದೀಪ ಉರಿಯುತ್ತಿದೆಯೇ ಎಂದು ಬಗ್ಗಿ ನೋಡಿ, ಬಿಸ್ಮಿಲ್ಲಾ ಎಂದು ಬಿಟ್ಟ. ಬಲೂನು ಬೇರೆ ದಿನಗಳ ಹಾಗೆ ಚಿಮ್ಮಲಿಲ್ಲ. ಮುದುಕ ಮೆಟ್ಟಿಲು ಹತ್ತುವ ಹಾಗೆ ಒಂದೊಂದೇ ಗೇಣು ಏರಿತು.

"ನಿಧಾನಕ್ಕೆ ಹೋಗ್ತಿದೆ," ಎಂದ ಖಲ್ಫಾನ್. ಅವಳು ಕೇಳಿಸಿಕೊಂಡ ಅವನ ಕೊನೆಯ ಮಾತು ಅದು.

ಅವಳು ಫ್ಲಾಸ್ಕ್ ತರಲು ಗಾಡಿಯ ಕಡೆಗೆ ಹೋದಳು. ತಿರುಗಿ ನೋಡಿದಾಗ ಅವನು ಅಂಗಾತ ಮಲಗಿದ್ದ, ಎಂದಿನಂತೆ. ಬಂದು ಪಕ್ಕದಲ್ಲಿ ಕೂತಳು. ಲೋಟಕ್ಕೆ ಕಾಫಿ ಬಗ್ಗಿಸಿಕೊಂಡಳು. ಮಾತು ಶುರುಮಾಡಿದಳು. ಕಾಫಿ ಮುಗಿಯಿತು, ಇನ್ನೊಂದು ಲೋಟ ಬಗ್ಗಿಸಿಕೊಂಡಳು. ಬಲೂನು ಕಾಣದೆ ಹೋದದ್ದು ಅವಳಿಗೆ ಮೊದಲು ಹೊಳೆಯಿತು. ಕಾಣದೆ ಹೋಗಿ ಬಹಳ ಹೊತ್ತಾಗಿತ್ತು. ಇವರು ಯಾಕೆ ಇನ್ನೂ ಎದ್ದಿಲ್ಲ ಎಂದು ಆಮೇಲೆ ಹೊಳೆಯಿತು.

ಅವನ ಕಣ್ಣು ತೆರೆದೇ ಇತ್ತು. ಮೇಲಕ್ಕೆ ಮುಖ ಮಾಡಿ ಮಲಗಿ ನೋಡುವವನ ಕಣ್ಣು ತೆರೆದಿರುವುದರಲ್ಲಿ ಏನು ವಿಶೇಷ? ಒಂದು ನೊಣ ಬಂದು ಆ ಕಣ್ಣಿನ ಮೂಲೆಯಲ್ಲಿ ಕೂತಿತು, ರೆಪ್ಪೆ ಮಿಸುಕಲಿಲ್ಲ.

*

ಮಧ್ಯಾಹ್ನದ ನಮಾಜು ಮುಗಿದ ಮೇಲೆ ಹೆಣ ಹೊರಟಿತು. ಹೆಂಗಸರು ಬಾಗಿಲವರೆಗೆ ಬಂದು ನಿಂತರು, ಮೌಝಾ ಕೋಣೆಯ ಕಿಟಕಿಯಿಂದಲೇ ನೋಡಿದಳು. ನಾಲ್ಕು ಹೆಗಲ ಮೇಲೆ ಬಿಳಿಯ ಉದ್ದನೆಯ ಗಂಟು. ಮುಂದಿನ ಬಲಗಡೆ ಸುಲೈಯಿಮ್. ಹೆಗಲು ಬದಲಿಸಲು ಯಾರೋ ಮುಂದೆ ಬಂದರು, ಅವನು ಕೊಡಲಿಲ್ಲ. ಗೋರಿಯವರೆಗೂ ಬದಲಿಸಲಿಲ್ಲವಂತೆ. ಆಮೇಲೆ ಯಾರೋ ಹೇಳಿದರು.

ಮಣ್ಣು ಮಾಡಿ ಬಂದವನು ಸಂತಾಪಕ್ಕೆ ಬಂದ ಗಂಡಸರ ನಡುವೆ ಹೋಗಿ ಕೂರಬೇಕಾಗಿತ್ತು. ಮೌಝಾ ಶಮ್ಸಾಳನ್ನು ಕಳಿಸಿ, ದೊಡ್ಡಪ್ಪ ಒಂದು ನಿಮಿಷ ಬಾಗಿಲ ಹತ್ತಿರ ಬರಬೇಕಂತೆ ಎಂದು ಹೇಳಿಸಿದಳು. ಒಳಕೋಣೆಯ ಬಾಗಿಲು ಮುಂದೆ ಮಾಡಿ, ಈಚೆ ಮೌಝಾ ಗೋಡೆಗೆ ಒರಗಿ ಕೂತಳು. ಆಚೆ ಸುಲೈಯಿಮನ ಚಪ್ಪಲಿಯಿಲ್ಲದ ಕಾಲುಗಳು ಬಂದು ನಿಂತವು. ಬೆರಳ ಸಂದಿನಲ್ಲಿ ಗೋರಿಯ ಮಣ್ಣಿತ್ತು.

ಅವಳು ಪೆಟ್ಟಿಗೆಯ ವಿಷಯ ಹೇಳಿದಳು. ಎಲ್ಲಿ ಬಿದ್ದಿದೆ, ಯಾವ ಕಡೆಯಿಂದ ಹೋದರೆ ಮರಳಲ್ಲಿ ಹೂತುಕೊಳ್ಳುವುದಿಲ್ಲ, ಎಲ್ಲ. ಚಿಕ್ಕಂದಿನಲ್ಲಿ ಬದೂಗಳಿಗೆ ಖರ್ಜೂರ ಮಾರಲು ತಂದೆಯ ಜೊತೆ ಆ ಮರಳಲ್ಲಿ ಓಡಾಡಿದವನು ಸುಲೈಯಿಮ್, ಅವನಿಗೆ ಹೇಳಿಕೊಡಬೇಕಾದ್ದೇನೂ ಇರಲಿಲ್ಲ. ಆದರೂ ಹೇಳುತ್ತಲೇ ಹೋದಳು, ನಿಲ್ಲಿಸಿದರೆ ಅವನು ಒಲ್ಲೆ ಎನ್ನುತ್ತಾನೆಂಬ ಭಯ.

ಅವನು ಒಲ್ಲೆ ಎಂದೇ ಅಂದ. "ಮಣ್ಣು ಹಾಕಿದ ಕೈ ಇನ್ನೂ ತೊಳೆದಿಲ್ಲ ನಾನು. ಹೊರಗೆ ಹಳ್ಳಿಹಳ್ಳಿಯಿಂದ ಜನ ಬಂದು ಕೂತಿದಾರೆ. ಅವರನ್ನ ಬಿಟ್ಟು ಮೀನಿನ ಡಬ್ಬಿ ಹುಡುಕಕ್ಕೆ ಹೋಗ್ಲಾ?"

"ಹೌದು ಭಾವ."

"ಇನ್ನು ಆ ಆಟ ಮುಗೀತು ತಂಗಿ. ಅವನ ಜೊತೆ ಹೋಯ್ತು."

ಕಾಲುಗಳು ತಿರುಗಿದವು.  ಬೆಳಗಿನಿಂದ ಹೊಟ್ಟೆಯಲ್ಲಿ ಕಟ್ಟಿಕೊಂಡಿದ್ದ ಕೆಂಡವನ್ನು ಯಾರ ಎದುರು ಉಗುಳಬಾರದೆಂದುಕೊಂಡಿದ್ದಳೋ ಅವನ ಎದುರಿಗೇ ಉಗುಳಬೇಕಾಗಿತ್ತು. ಈ ಮನುಷ್ಯ ಯಾವುದನ್ನೂ ಮರೆಯುವವನಲ್ಲ, ಯಾರನ್ನೂ ಸುಲಭವಾಗಿ ಬಿಟ್ಟುಕೊಡುವವನಲ್ಲ.

"ನಾನು ಸುಳ್ಳು ಹೇಳಿದೆ," ಎಂದಳು.

ಕಾಲುಗಳು ನಿಂತವು.

"ಆಗಷ್ಟೇ ಬಿದ್ರು ಅಂದ್ನಲ್ಲ, ಅದು ಸುಳ್ಳು. ಅವರು ಮಲಗಿದ್ರು. ಯಾವಾಗ್ಲೂ ಹಾಗೇ ಮಲಗೋರು, ನಿಮಗೂ ಗೊತ್ತು. ನಾನು ಪಕ್ಕದಲ್ಲಿ ಕೂತು ಎರಡು ಲೋಟ ಕಾಫಿ ಕುಡಿದೆ. ಮಾತಾಡಿದೆ. ಎಷ್ಟು ಹೊತ್ತೋ ಮಾತಾಡಿದೆ. ಸತ್ತವರ ಹತ್ರ ಮಾತಾಡ್ತಿದ್ನೋ, ಸಾಯ್ತಿರೋರ ಹತ್ರ ಮಾತಾಡ್ತಿದ್ನೋ, ನಂಗೆ ಗೊತ್ತಿಲ್ಲ ಭಾವ. ಆ ಡಬ್ಬಿಗೆ ಗೊತ್ತು."

ಪಕ್ಕದಲ್ಲಿದ್ದ ಶಮ್ಸಾ ಅಮ್ಮನ ಕೈಯನ್ನು ಹಿಡಿದುಕೊಂಡಿದ್ದಳು. ಈ ಮಾತಿಗೆ ಅವಳ ಬೆರಳುಗಳು ಸಡಿಲವಾದವು, ಮತ್ತೆ ಬಿಗಿಯಾದವು.

ಬಾಗಿಲಾಚೆಯ ಕಾಲುಗಳು ಈ ಕಡೆಗೆ ತಿರುಗಿದವು. ಆಮೇಲೆ ಸುಲೈಯಿಮ್ ಕೇಳಿದ, "ಏನು ಮಾತಾಡ್ತಿದ್ದೆ?"

ಇದನ್ನು ಕೇಳುತ್ತಾನೆಂದು ಅವಳು ಎಣಿಸಿರಲಿಲ್ಲ. ಇಷ್ಟು ಹೇಳಿದವಳು ಇದೊಂದನ್ನು ಮುಚ್ಚಿಟ್ಟು ಏನು ಮಾಡುವುದು?

"ನಿಮ್ಮನ್ನೇ ಬೈತಿದ್ದೆ."

"ಯಾವುದಕ್ಕೆ?"

"ತೋಟದ ನೀರಿಗೆ. ನಮ್ಮ ಪಾಳಿ ದಿನ ನಿಮ್ಮ ಖರ್ಜೂರಕ್ಕೆ ತಿರುಗಿಸ್ಕೊಂಡ್ರಲ್ಲ, ಅದಕ್ಕೆ."

"ಅವನೇನಂದ?"

"ಏನೂ ಅನ್ನಲಿಲ್ಲ. ನಿಮ್ಮನ್ನ ಬೈದ್ರೆ ಅವರು ಯಾವತ್ತು ಬಾಯಿ ಬಿಟ್ಟಿದ್ದಾರೆ? ಅದಕ್ಕೇ ನಂಗೆ ಗೊತ್ತಾಗಲಿಲ್ಲ," ಎಂದು ಹೇಳಿ ಮೌಝಾ ಅಂದು ಮೊದಲ ಸಲ ಅತ್ತಳು. ಬಾಯಿಗೆ ಬಟ್ಟೆ ತುರುಕಿಕೊಂಡು, ಪಕ್ಕದ ಕೋಣೆಯ ಹೆಂಗಸರಿಗೆ ಕೇಳಿಸದ ಹಾಗೆ.

ಬಾಗಿಲಾಚೆ ಸುಲೈಯಿಮ್ ಗಂಟಲು ಸರಿಮಾಡಿಕೊಂಡ. ಶಮ್ಸಾಳ ಹತ್ತಿರ ಗಾಡಿಯ ಕೀಲಿ ಎಲ್ಲಿದೆಯೆಂದು ಕೇಳಿದ. ಗಾಡಿಯಲ್ಲೇ ಇದೆ ಎಂದಳು ಅವಳು. ಅಂಗಳದಲ್ಲಿ ಕೂತಿದ್ದ ಜನ ಎದ್ದು ನಿಂತು ನೋಡುತ್ತಿರುವಂತೆ, ಸತ್ತವನ ಅಣ್ಣ, ಸಂತಾಪದ ಕೈಗಳನ್ನು ಹಿಡಿಯಬೇಕಾದವನು, ತಮ್ಮನ ಗಾಡಿ ಹತ್ತಿ ಪೂರ್ವಕ್ಕೆ ಹೊರಟುಹೋದ.

ಏನಾಯಿತು, ಎಲ್ಲಿಗೆ ಹೋದ ಎಂದು ಎಲ್ಲರೂ ನಸ್ರಾಳನ್ನು ಕೇಳಿದರು. ಅವಳಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಅಭ್ಯಾಸವೂ ಅವಳಿಗಿರಲಿಲ್ಲ. "ತಮ್ಮನ ಯಾವುದೋ ಕೆಲಸ ಬಾಕಿ ಇದೆಯಂತೆ," ಎಂದು ಹೇಳಿ ಬಾಯಿ ಮುಚ್ಚಿಸಿದಳು.

ಆ ಮಧ್ಯಾಹ್ನ ಮೌಝಾಗೆ ಯುಗದಷ್ಟು ಉದ್ದವಾಗಿತ್ತು. ಸುಲೈಯಿಮನಿಗೂ ವಯಸ್ಸಾಗಿದೆ, ಬೆಳಗಿನಿಂದ ನೀರು ಬಿಟ್ಟು ಏನೂ ಮುಟ್ಟಿಲ್ಲ, ಮರಳಲ್ಲಿ ಗಾಡಿ ಹೂತುಕೊಂಡರೆ? ಒಂದೇ ದಿನ ಇಬ್ಬರು ಅಣ್ಣತಮ್ಮಂದಿರು ಎಂದರೆ ಊರು ತನ್ನನ್ನು ಏನನ್ನಬೇಡ? ಶಮ್ಸಾ ಏನೂ ಕೇಳಲಿಲ್ಲ. ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅದೇ ಮೌಝಾಗೆ ತಡೆಯಲಾಗದೆ, "ಬೈಯಮ್ಮಾ," ಎಂದಳು. ಶಮ್ಸಾ ಅವಳ ಮುಂದೆ ಖರ್ಜೂರದ ತಟ್ಟೆ ಇಟ್ಟು, "ಒಂದಾದ್ರೂ ತಿನ್ನಿ," ಎಂದಳು ಅಷ್ಟೆ. ಕಿಟಕಿಯ ಬೆಳಕು ಹಳದಿಯಾಗಿ, ಕೆಂಪಾಗಿ, ಆರಿಹೋಯಿತು. ಫೋನಿಗೆ ಮತ್ತೆ ಸಂದೇಶ ಬರಲಿಲ್ಲ. ಪೆಟ್ಟಿಗೆಯ ಬ್ಯಾಟರಿ ಮುಗಿದಿರಬೇಕು.

ರಾತ್ರಿಯ ಇಶಾ ನಮಾಜಿಗೆ ಬಾಂಗು ಕೊಡುವ ಹೊತ್ತಿಗೆ ಗಾಡಿಯ ಸದ್ದಾಯಿತು. ಸುಲೈಯಿಮ್ ಬಾಗಿಲ ಸಂದಿಯಿಂದ ಪೆಟ್ಟಿಗೆಯನ್ನು ಒಳಗೆ ದೂಡಿದ. ಒಂದು ಮೂಲೆ ಮುರಿದಿತ್ತು. ಅವನ ತೋಳು ಮೊಣಕೈಯವರೆಗೂ ಮರಳಾಗಿತ್ತು.

"ಅರ್ಧ ಮುಚ್ಚಿತ್ತು," ಎಂದ. "ಕೈಯಲ್ಲೇ ತೋಡಿದೆ. ಆ ದಿಬ್ಬ ಹತ್ತಿ ನೋಡಿದ್ರೆ ಆಚೆ ಕಡೆ ಸಮುದ್ರ."

ಊಟಕ್ಕೆ ಹೋಗಿ ಎಂದರೆ ಹೋಗಲಿಲ್ಲ. ಬಾಗಿಲಾಚೆ ಗೋಡೆಗೆ ಒರಗಿ ಕೂತದ್ದು ಕೇಳಿಸಿತು.

ಶಮ್ಸಾ ಕ್ಯಾಮೆರಾದ ಮೆಮೊರಿ ಕಾರ್ಡನ್ನು ತೆಗೆದು ತನ್ನ ಲ್ಯಾಪ್‌ಟಾಪಿಗೆ ಹಾಕಿದಳು. ಮೊದಲು ಖಲ್ಫಾನನ ಮುಖ ಪರದೆಯ ತುಂಬ ಬಂತು. ಹುಬ್ಬಿನ ಬಿಳಿ ಕೂದಲು, ಮೂಗಿನ ಮೇಲೆ ಜಾರಿದ ಕನ್ನಡಕ. ತುಟಿ ಅಲುಗಿತು. ಗಾಳಿಯ ಸದ್ದಿನಲ್ಲಿ ಮಾತು ಕೇಳಿಸಲಿಲ್ಲ. ಶಮ್ಸಾಳ ಕೈ ತಾನೇ ತಾನಾಗಿ ಪರದೆಯತ್ತ ಹೋಯಿತು. ಆಮೇಲೆ ಮುಖ ಕೆಳಗಿಳಿಯಿತು, ಟೋಪಿಯಾಯಿತು, ಬಿಳಿ ನಿಲುವಂಗಿಯ ಮನುಷ್ಯನಾಯಿತು. ಪಕ್ಕದಲ್ಲಿದ್ದ ಕಪ್ಪು ಆಕೃತಿ ಗಾಡಿಯ ಕಡೆಗೆ ನಡೆಯಿತು. ಬಲೂನು ಅಷ್ಟು ನಿಧಾನವಾಗಿ ಏರಿದ್ದರಿಂದ ಎಲ್ಲವೂ ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತು.

ಬಿಳಿಯ ಮನುಷ್ಯ ಎರಡು ಹೆಜ್ಜೆ ಹಿಂದಕ್ಕೆ ಹೋದ. ಒಂದು ಕೈ ನೆಲಕ್ಕೆ ಊರಿ, ಮುದುಕರು ಕೂರುವ ಹಾಗೆ ಜೋಪಾನವಾಗಿ ಕೂತ. ಆಮೇಲೆ ಮಲಗಿದ. ಇನ್ನೊಂದು ಕೈ ಎದೆಯ ಮೇಲಿತ್ತು.

"ಬೀಳಲಿಲ್ಲ ಅಮ್ಮ," ಎಂದಳು ಶಮ್ಸಾ. "ಅಪ್ಪ ಬೀಳಲಿಲ್ಲ."

 ಕಪ್ಪು ಆಕೃತಿ ವಾಪಸು ಬಂತು, ಪಕ್ಕದಲ್ಲಿ ಕೂತಿತು. ಪೆಟ್ಟಿಗೆ ಗಾಳಿಗೆ ಗಿರ್ರನೆ ತಿರುಗಿ ಬಯಲು, ಆಕಾಶ, ದೂರದ ಗುಡ್ಡಗಳು ಒಟ್ಟಿಗೆ ಉರುಳಿ ಹೋದವು. ಮತ್ತೆ ನೆಟ್ಟಗಾದಾಗ ಇಬ್ಬರೂ ಚಿಕ್ಕದಾಗಿದ್ದರು, ಬೆರಳುದ್ದ. ಶಮ್ಸಾ ಚಿತ್ರವನ್ನು ನಿಧಾನ ಮಾಡಿದಳು. ದೊಡ್ಡದು ಮಾಡಿದಳು. ಮೌಝಾ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು.

"ಏನು ಕಾಣಿಸ್ತಿದೆ ತಂಗಿ?" ಎಂದು ಬಾಗಿಲಾಚೆಯಿಂದ ಸುಲೈಯಿಮ್ ಕೇಳಿದ.

ಅವಳು ಬಾಗಿಲ ಕಡೆಗೆ ತಿರುಗಿದಳು.

"ಜೀವ ಇತ್ತು ಭಾವ. ನಾನು ಬೈಯೋವಾಗ ಜೀವ ಇತ್ತು."

 ಆಚೆಯಿಂದ ಅವನು ಮೆಲ್ಲಗೆ ಅಂದ, "ಹಾಗಾದ್ರೆ ಕೇಳಿಸ್ಕೊಂಡಿದಾನೆ."

ಶಮ್ಸಾ ಚಿತ್ರವನ್ನು ಹಿಂದಕ್ಕೆ ಎಳೆದು ಮತ್ತೆ ಬಿಟ್ಟಳು. ಎದೆಯ ಮೇಲಿದ್ದ ಬಿಳಿ ತೋಳು ಮೆಲ್ಲಗೆ ಕೆಳಗಿಳಿಯಿತು, ನೆಲದ ಮೇಲೆ ಪಕ್ಕಕ್ಕೆ ಸರಿಯಿತು, ಹರಡಿಕೊಂಡಿದ್ದ ಕಪ್ಪು ಬಟ್ಟೆಯ ಅಂಚಿನ ಮೇಲೆ ಹೋಗಿ ನಿಂತಿತು. ಅಲ್ಲಿಂದ ಮತ್ತೆ ಕದಲಲಿಲ್ಲ. ಕಪ್ಪು ಆಕೃತಿಗೆ ಅದು ತಿಳಿಯಲಿಲ್ಲ. ಅದು ಗುಡ್ಡದ ಕಡೆಗೆ ಮುಖ ಮಾಡಿ ಮಾತಾಡುತ್ತಿತ್ತು, ಮಾತಿಗೆ ತಕ್ಕ ಹಾಗೆ ಅದರ ಒಂದು ಕೈ ಏರುತ್ತ ಇಳಿಯುತ್ತ ಇತ್ತು.